ಅತ್ತೆ ಸೈಡ್‌ಕಾರಿನಲ್ಲಿ ಪರದೇಶಕ್ಕೆ ಹೋದದ್ದು

ಕಳೆದ ವಾರ ನಾನು ಪರದೇಶಕ್ಕೆ ಹೋಗಿ ಬಂದೆ.

ನಗಬೇಡಿ. ಹಡಗು ಹತ್ತಲಿಲ್ಲ, ಸಮುದ್ರ ನೋಡಲಿಲ್ಲ. ಬೆಳಗ್ಗೆ ಮಧುಗಿರಿಯಲ್ಲಿ ರಾಗಿ ರೊಟ್ಟಿ ತಿಂದು ಹೊರಟವಳು ದೀಪ ಹಚ್ಚುವ ಹೊತ್ತಿಗೆ ಮನೆಗೆ ವಾಪಸ್. ಹೋದದ್ದು ಮೋಟಾರ್ ಸೈಕಲ್ಲಿನ ಮೇಲೆ. ಅದೂ ಅತ್ತೆಯ ಜೊತೆ!

ನಮ್ಮ ಸೀಮೆ ಕಾಣದ ಓದುಗರಿಗೆ ಸ್ವಲ್ಪ ಭೂಗೋಳ ಹೇಳಿಬಿಡುತ್ತೇನೆ. ಮಧುಗಿರಿಯಿಂದ ಪಾವಗಡದ ದಾರಿ ಹಿಡಿದು ಮಿಡಿಗೇಶಿ ದಾಟಿದರೆ, ಸ್ವಲ್ಪ ದೂರದಲ್ಲಿ ಮಹಾರಾಜರ ಮೈಸೂರು ಮುಗಿದೇ ಹೋಗುತ್ತದೆ. ಆಮೇಲೆ ಮಡಕಶಿರಾ. ಅದು ಇಂಗ್ಲಿಷರ ಮದರಾಸು ಪ್ರಾಂತ್ಯ. ಅದನ್ನು ಹಾದರೆ ಮತ್ತೆ ನಮ್ಮದೇ ಪಾವಗಡ. ನಮ್ಮ ತಾಲ್ಲೂಕಿಗೆ ನಾವು ಹೋಗಲು ಇನ್ನೊಬ್ಬ ದೊರೆಯ ಅಂಗಳ ತುಳಿಯಬೇಕು! (ಈ ನಕ್ಷೆ ಬರೆದ ಮಹಾನುಭಾವ ಯಾರೋ, ಸಿಕ್ಕಿದರೆ ಕೇಳಬೇಕು.)

ನಮ್ಮ ಅತ್ತೆ ಸಿದ್ದಮ್ಮನವರು ಹುಟ್ಟಿದ್ದು ಆ ಕಡೆ. ಎಂಟೋ ಒಂಬತ್ತೋ ವರ್ಷಕ್ಕೆ ಮದುವೆಯಾಗಿ ಮಧುಗಿರಿ ಪೇಟೆಯ ನಮ್ಮ ಜವಳಿ ಅಂಗಡಿಯ ಮನೆಗೆ ಬಂದವರು. ಅವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಚೆನ್ನಮ್ಮ ಇನ್ನೂ ಆ ಕಡೆಯ ಹಳ್ಳಿಯೊಂದರಲ್ಲಿದ್ದಾರೆ. ಆದರೆ ಅಕ್ಕತಂಗಿಯರು ಮುಖ ನೋಡಿ ಒಂದು ತಲೆಮಾರೇ ಕಳೆದಿತ್ತು.

ಕಾರಣ? ಒಂದು ಊಟದ ಎಲೆ.

ಚೆನ್ನಮ್ಮನ ಮಗಳ ಮದುವೆಯಲ್ಲಿ, ಅವರ ಯಜಮಾನರು ನಮ್ಮ ಮಾವನವರನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲವಂತೆ. ಮರೆತರೋ, ಬೇಕೆಂದೇ ಬಿಟ್ಟರೋ, ಶಿವನೇ ಬಲ್ಲ. ಮಾವನವರು ಚಪ್ಪರದಿಂದ ಎದ್ದೇ ಬಿಟ್ಟರು. ಮದುಮಗಳಿಗೆ ಅಕ್ಕಿ ಹಾಕಲೂ ಬಿಡದೆ ಹೆಂಡತಿಯನ್ನು ಗಾಡಿ ಹತ್ತಿಸಿದರು. ಗಡಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಅತ್ತೆಯ ಕೈಯಿಂದ ಕೊರಳ ಲಿಂಗ ಮುಟ್ಟಿಸಿ ಆಣೆ ಹಾಕಿಸಿದರು: ಆ ಸೀಮೆಯ ನೆಲದ ಮೇಲೆ ಇನ್ನು ಕಾಲಿಡಕೂಡದು.

ಈಗ ಮಾವನವರಿಲ್ಲ. ಚೆನ್ನಮ್ಮನ ಯಜಮಾನರೂ ಇಲ್ಲ. ಆಣೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಹೋದ ತಿಂಗಳು ಶಿರಾದಿಂದ ಖಾಸಿಂ ಸಾಬರು ಬಂದರು. ಬಳೆ ಮಾರುವವರು. ಗಡಿಯ ಈಚೆಗೂ ಆಚೆಗೂ ಓಡಾಡುವವರು. ನನ್ನ ಕೈಗೆ ಬಳೆ ತೊಡಿಸುತ್ತಲೇ ಒಳಗಿದ್ದ ಅತ್ತೆಗೆ ಕೇಳುವಂತೆ ಹೇಳಿದರು.

"ಅಮ್ಮಾ, ನಿಮ್ಮ ಅಕ್ಕಾರ್ಗೆ ಕಣ್ಣು ಪೂರಾ ಹೋಗ್ಬುಟ್ಟೈತೆ. ನಾನು ಬಾಗ್ಲಿಗೆ ಹೋದ್ರೆ ಬಳೆ ಸದ್ದು ಕೇಳೇ ಗುರ್ತು ಹಿಡೀತಾರೆ. ಹರ್ ಬಾರಿ ಒಂದೇ ಸವಾಲು. 'ನಮ್ಮ ಸಿದ್ದಿ ಹೆಂಗವ್ಳೆ ಸಾಬಣ್ಣ?'"

ಅತ್ತೆ ಹೊರಗೆ ಬರಲಿಲ್ಲ. ಒಳಗೆ ರಾಗಿ ಬೀಸುತ್ತಿದ್ದ ಕಲ್ಲಿನ ಸದ್ದು ಮಾತ್ರ ನಿಂತುಹೋಯಿತು.

ಇಲ್ಲಿಗೆ ಮೋಟಾರ್ ಸೈಕಲ್ಲಿನ ಪ್ರವೇಶ. ವರ್ಗವಾಗಿ ಹೋಗುತ್ತಿದ್ದ ಒಬ್ಬ ಇಂಜಿನಿಯರ್ ಸಾಹೇಬರಿಂದ ನಮ್ಮವರು (ಹೆಸರು ಹೇಳುವಂತಿಲ್ಲ, ನಿಮಗೆ ಗೊತ್ತಲ್ಲ) ಅದನ್ನು ಕೊಂಡಿದ್ದರು. ಪಕ್ಕಕ್ಕೆ ದೋಣಿಯಂಥ ಸೈಡ್‌ಕಾರ್ ಬೇರೆ. ಅದರಲ್ಲಿ ಬಟ್ಟೆಯ ಗಂಟು ತುಂಬಿಕೊಂಡು ಕೊರಟಗೆರೆ, ತೋವಿನಕೆರೆ ಸಂತೆಗೆ ಹೋಗಿ ಬರುತ್ತಿದ್ದರು. ಅತ್ತೆ ಅದರ ಹತ್ತಿರವೇ ಸುಳಿಯುತ್ತಿರಲಿಲ್ಲ. "ಅದರ ಕೆಮ್ಮು ಕೇಳಿದ್ರೆ ಹಸ ಹಾಲು ಕೊಡಾಕಿಲ್ಲ" ಎನ್ನುತ್ತಿದ್ದರು.

ಸಾಬರು ಬಂದು ಹೋದ ಮೇಲೆ ಒಂದು ದಿನ ನೋಡುತ್ತೇನೆ, ಅತ್ತೆ ಸೈಡ್‌ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ತಳವನ್ನು ಕೈಯಿಂದ ತಟ್ಟಿ ನೋಡುತ್ತಿದ್ದಾರೆ.

"ಗಿರಿಜಾ, ಇದ್ರಾಗೆ ಕೂತ್ರೆ ಕಾಲು ನೆಲಕ್ಕೆ ತಾಗಾಕಿಲ್ಲ ಅಲ್ವೇನಮ್ಮ?"

"ಇಲ್ಲ ಅತ್ತೆ."

"ಎತ್ತಿನ ಗಾಡಿ ಆದ್ರೆ ರಾತ್ರಿ ತಂಗಬೇಕು. ಇಳೀಲೇಬೇಕು. ಬಸ್ಸಾದ್ರೆ ಊರಿಂದ ದೂರ ನಿಲ್ಲಿಸ್ತಾನೆ. ನಡೀಲೇಬೇಕು. ಇದು ಅಕ್ಕನ ಬಾಗ್ಲಿಗೇ ಹೋಗ್ತೈತಲ್ಲ?"

ನನಗೆ ಅರ್ಥವಾಯಿತು. ಆಣೆ ಇದ್ದದ್ದು ಕಾಲಿಡಬಾರದು ಎಂದು. ನೋಡಬಾರದು ಎಂದಲ್ಲ! ಇಷ್ಟು ವರ್ಷ ಈ ಹೆಂಗಸು ಆ ಆಣೆಯನ್ನು ಎಷ್ಟು ಸಲ ತಿರುವಿ ಮುರುವಿ ನೋಡಿರಬೇಕು? ಯಾವ ಹೈಕೋರ್ಟು ವಕೀಲರಿಗೆ ಇಷ್ಟು ಸಹನೆ ಇದ್ದೀತು?

ಹೊರಟ ದಿನ ಅತ್ತೆ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಮುಟ್ಟಲಿಲ್ಲ. ದಾರಿಯಲ್ಲಿ ಇಳಿಯುವಂತಿಲ್ಲವಲ್ಲ, ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮವರು ಮುಂದೆ, ನಾನು ಹಿಂದಿನ ಸೀಟಿನಲ್ಲಿ ಒಂದೇ ಕಡೆಗೆ ಕಾಲು ಇಳಿಬಿಟ್ಟು, ಅತ್ತೆ ಸೈಡ್‌ಕಾರಿನಲ್ಲಿ. ಇಡೀ ಪೇಟೆ ಬೀದಿ ಬಾಗಿಲಿಗೆ ಬಂದು ನಿಂತಿತು. "ಹೆಂಗಸ್ರು ಮೋಟಾರ್ ಮ್ಯಾಲೆ ಕುಂತವ್ರೆ ಕಣ್ಲಾ!" ಎಂದು ಯಾರೋ ಕೂಗಿದರು. ನಾನು ತಲೆ ತಗ್ಗಿಸಿದೆ. ಅತ್ತೆ ತಗ್ಗಿಸಲಿಲ್ಲ. ಅವರು ಕಣ್ಣನ್ನೇ ಮುಚ್ಚಿಬಿಟ್ಟಿದ್ದರು.

ಸ್ಪೀಡು ಅಂದರೆ ಏನು ಎಂದು ನನಗೆ ಆವತ್ತು ಗೊತ್ತಾಯಿತು. ನಾವು ಮರಗಳ ಹತ್ತಿರ ಹೋಗುತ್ತಿರಲಿಲ್ಲ, ಮರಗಳೇ ನಮ್ಮ ಹತ್ತಿರ ಓಡಿ ಬರುತ್ತಿದ್ದವು! ಗಾಳಿ ಬಾಯೊಳಗೆ ನುಗ್ಗಿ ಮಾತನ್ನು ವಾಪಸ್ ತಳ್ಳುತ್ತಿತ್ತು. ಹುಟ್ಟಿದಾಗಿನಿಂದ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿದ ಮಧುಗಿರಿ ಬೆಟ್ಟ, ಆ ಅಷ್ಟು ದೊಡ್ಡ ಒಂಟಿ ಬಂಡೆ, ಹಿಂತಿರುಗಿ ನೋಡಿದರೆ ಕೂತ ಆನೆಯಷ್ಟಾಗಿತ್ತು. ಮತ್ತೆ ನೋಡಿದರೆ ಮಲಗಿದ ಕರುವಿನಷ್ಟು. ಆಮೇಲೆ ಇಲ್ಲವೇ ಇಲ್ಲ.

ಗಡಿ ಬಂತು. ಪರದೇಶದ ಬಾಗಿಲು ಹೇಗಿರುತ್ತದೆ ಅಂದುಕೊಂಡಿದ್ದೀರಿ? ರಸ್ತೆಯ ಪಕ್ಕ ಸುಣ್ಣ ಬಳಿದ ಒಂದು ಕಲ್ಲು. ಪಕ್ಕದಲ್ಲಿ ಒಂದು ಮೇಕೆ. ಮೇಕೆಯ ಬಾಯಿ ಇಂಗ್ಲಿಷರ ಹುಲ್ಲಿನಲ್ಲಿ, ಬಾಲ ಮಹಾರಾಜರ ಕಡೆಗೆ. ಅದಕ್ಕೆ ಪಾಸ್‌ಪೋರ್ಟು ಕೇಳುವವರು ಯಾರೂ ಇರಲಿಲ್ಲ.

ಅತ್ತೆ ಮಾತ್ರ ಆ ಕಲ್ಲು ಕಂಡದ್ದೇ ಎರಡೂ ಕಾಲು ಮೇಲೆಳೆದು ಚಕ್ಕಳಮಕ್ಕಳ ಹಾಕಿಕೊಂಡರು. ಕೈ ಕೊರಳ ಲಿಂಗದ ಮೇಲಿತ್ತು.

ಆಚೆ ಒಂದು ಹಳ್ಳ. ನೀರಿಲ್ಲ, ಬರೀ ಮರಳು. ಗಾಡಿ ನಡುವೆ ಹೋಗಿ ಹೂತು ನಿಂತಿತು. ನಮ್ಮವರು ನೂಕಿದರು, ನಾನು ಸೆರಗು ಸಿಕ್ಕಿಸಿ ನೂಕಿದೆ. ಊಹೂಂ! ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದವರು ಓಡಿ ಬಂದರು. ಅವರಲ್ಲಿ ಒಬ್ಬ ಅತ್ತೆಯನ್ನು ಕಂಡು ತೆಲುಗಿನಲ್ಲಿ ಹೇಳಿದ: "ದಿಗು ತಲ್ಲೀ, ಬಂಡಿ ಬರುವು." ಇಳಿ ತಾಯಿ, ಗಾಡಿ ಭಾರ.

"ನೇನು ದಿಗನು ನಾಯನಾ," ಎಂದಿತು ಒಂದು ದನಿ. ನಾನು ಇಳಿಯಲಾರೆ ಕಣಪ್ಪ.

ಯಾರ ದನಿ ಅದು? ನಾನು ಸುತ್ತ ನೋಡಿದೆ. ಅತ್ತೆ! ಅವರ ಬಾಯಲ್ಲಿ ಒಂದು ತೆಲುಗು ಪದವನ್ನೂ ನಾನು ಈವರೆಗೆ ಕೇಳಿರಲಿಲ್ಲ. ಈಗ ನಿಲ್ಲುತ್ತಲೇ ಇಲ್ಲ! ಮಳೆ ಹೇಗೆ, ಕಾಯಿ ಕಟ್ಟಿದೆಯಾ, ನೀನು ಯಾರ ಮಗ. ದನಿಯೇ ಬೇರೆ. ಎಳೆಯ ದನಿ. ನನ್ನ ಪಕ್ಕದಲ್ಲಿ ನಮ್ಮವರೂ ಬಾಯಿ ತೆರೆದು ನಿಂತಿದ್ದರು. ಹೆತ್ತ ಮಗನಿಗೇ ಗೊತ್ತಿಲ್ಲ! (ಆಮೇಲೆ ಕೇಳಿದಾಗ ಅತ್ತೆ ಹೇಳಿದ್ದು ಇಷ್ಟೇ: "ಬಂದ ಹೊಸದ್ರಾಗೆ ತೆಲುಗಾಡಿದ್ರೆ ಎಲ್ರೂ ನಗೋರು. ಮುಚ್ಕಂಡೆ.")

ಅತ್ತೆ ಇಳಿಯಲಿಲ್ಲ. ಹೊಲದವರೇ ಅವರ ಸಮೇತ ಗಾಡಿಯನ್ನು ಎತ್ತಿ ದಡ ಸೇರಿಸಿದರು.

ಮಡಕಶಿರಾ ಪೇಟೆ ಹಾದು, ಮಣ್ಣು ದಾರಿ ಹಿಡಿದು ಹಳ್ಳಿ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಚೆನ್ನಮ್ಮನ ಮನೆಯ ಎದುರು ಇಂಜಿನ್ ನಿಂತಿತು. ಆ ಸದ್ದಿಲ್ಲದ ಗಳಿಗೆಯಲ್ಲಿ ಅತ್ತೆ ಕರೆದರು.

"ಅಕ್ಕಾ."

ಒಂದೇ ಸಲ. ಜೋರಾಗಿ ಅಲ್ಲ.

ಒಳಗಿನಿಂದ ಬಿಳಿ ಕೂದಲಿನ ಮುದುಕಿ ಗೋಡೆ ಹಿಡಿದುಕೊಂಡು ಬಂದರು. ಸೊಸೆ ಕೈ ಹಿಡಿಯಲು ಹೋದರೆ ತಳ್ಳಿಬಿಟ್ಟರು. ದನಿ ಬಂದ ದಿಕ್ಕಿಗೆ ನೇರ ನಡೆದು ಬಂದು ಎರಡೂ ಕೈಯಲ್ಲಿ ಅತ್ತೆಯ ಮುಖ ಹಿಡಿದರು. ಹಣೆ, ಹುಬ್ಬು, ಮೂಗು, ಗಲ್ಲ. ಬೆರಳುಗಳು ಮೆಲ್ಲಗೆ ಓಡಾಡಿದವು. ಆಮೇಲೆ ಕೆಳಗಿಳಿದು ಸೈಡ್‌ಕಾರಿನ ಅಂಚು ಸವರಿದವು.

"ಏಮೇ ಸಿದ್ದೀ, ಉಯ್ಯಾಲ್ಲೋ ಕೂಚ್ಚುನ್ನಾವಾ?"

ಏನೇ ಸಿದ್ದಿ, ತೊಟ್ಟಿಲಲ್ಲಿ ಕೂತಿದೀಯಾ?

ಅತ್ತೆ ನಕ್ಕರು. ನಗುತ್ತಲೇ ಅಳು ಒಡೆಯಿತು. ಅಕ್ಕನ ಎದೆಗೆ ತಲೆ ಒತ್ತಿ, ತೊಟ್ಟಿಲಲ್ಲೇ ಕೂತು, ಆಣೆಯ ಕಥೆಯನ್ನು ತೆಲುಗು ಕನ್ನಡ ಎರಡರಲ್ಲೂ ತೊದಲುತ್ತ ಹೇಳಿದರು. ಕಾಲಿಡುವಂತಿಲ್ಲ. ಇಲ್ಲೇ ಇದ್ದು ನೋಡಿಕೊಂಡು ಹೋಗುತ್ತೇನೆ.

ಚೆನ್ನಮ್ಮ ತಂಗಿಯ ತಲೆ ಸವರಿದರು. ಆಮೇಲೆ ತಿರುಗಿ ಕೂಗಿದರು. "ಕಂಬ್ಳಿ ತಗಂಬಾ!"

ಸೊಸೆ ತಂದ ಕರಿ ಕಂಬಳಿಯನ್ನು ಆ ಕುರುಡು ಮುದುಕಿ ತಾನೇ ಮಂಡಿಯೂರಿ, ಸೈಡ್‌ಕಾರಿನ ಪಕ್ಕಕ್ಕೆ ಹಾಸಿದರು. ಸುಕ್ಕು ತೀಡಿದರು.

"ಇದು ಕುರಿ ತುಪ್ಪಟ. ಯಾವ ಸರ್ಕಾರದ ನೆಲಾನೂ ಅಲ್ಲ. ಇಡು ಕಾಲು."

ಅಷ್ಟು ಹೊತ್ತಿಗೆ ಮೋಟಾರು ನೋಡಲು ಬಂದ ಊರೆಲ್ಲ ಅಲ್ಲೇ ನೆರೆದಿತ್ತು. ಯಾರೂ ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯವಳು ಒಳಗೆ ಓಡಿ ತನ್ನ ಕಂಬಳಿ ತಂದಳು. ಎದುರು ಮನೆಯವಳು ಇನ್ನೊಂದು. ಕುರಿ ಕಾಯುವ ಮುದುಕನೊಬ್ಬ ಹೆಗಲ ಮೇಲಿನದನ್ನೇ ತೆಗೆದು ಹಾಸಿದ. ಒಂದರ ಅಂಚಿಗೆ ಇನ್ನೊಂದು ಸೇರಿ, ಬೀದಿಯ ಧೂಳಿನ ಮೇಲೆ ಕಪ್ಪು ಹಾದಿಯೊಂದು ಬಾಗಿಲ ಕಡೆಗೆ ಬೆಳೆಯಿತು. ನಾನು ರಾಜರ ಮೆರವಣಿಗೆ ನೋಡಿದ್ದೇನೆ. ರತ್ನಗಂಬಳಿ ನೋಡಿದ್ದೇನೆ. ಹೀಗೆ ರೋಮಾಂಚನ ಆದದ್ದಿಲ್ಲ. ಜವಳಿ ವ್ಯಾಪಾರಿಯ ಸೊಸೆ ನಾನು. ಬಟ್ಟೆಗೆ ಇಂಥ ಉಪಯೋಗವೂ ಇದೆಯೆಂದು ಯಾರಿಗೆ ಗೊತ್ತಿತ್ತು?

ಅತ್ತೆ ಅಕ್ಕನ ಹೆಗಲು ಹಿಡಿದು ಇಳಿದರು. ಕಂಬಳಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟರು.

ಹೊಸ್ತಿಲ ಹತ್ತಿರ ಕಂಬಳಿ ಮುಗಿದುಹೋಯಿತು. ಹೊಸ್ತಿಲಿಗೆ ಇನ್ನೊಂದೇ ಹೆಜ್ಜೆ. ನಡುವೆ ಒಂದು ಮೊಳದಷ್ಟು ಬರೀ ಮಣ್ಣು.

"ತಡಿಯಮ್ಮಾ, ಇನ್ನೊಂದು ತತ್ತೀನಿ!" ಎಂದು ಯಾರೋ ಓಡಿದರು.

ಅತ್ತೆ ಆ ಮಣ್ಣನ್ನೇ ನೋಡುತ್ತ ನಿಂತರು. ಕೆಂಪು ಮಣ್ಣು, ನಡುವೆ ಯಾರೋ ಬೆಳಗ್ಗೆ ಹಾಕಿದ ರಂಗೋಲಿಯ ಪುಡಿ. ಅವರ ಮುಖದಲ್ಲಿ ಏನು ನಡೆಯುತ್ತಿತ್ತೋ ನಾನು ಹೇಳಲಾರೆ. ಕೈ ಮತ್ತೆ ಲಿಂಗದ ಮೇಲೆ ಹೋಯಿತು. ನಮ್ಮವರು "ಅವ್ವಾ..." ಎಂದು ಒಂದು ಹೆಜ್ಜೆ ಮುಂದೆ ಬಂದರು. ಎಷ್ಟಾದರೂ ಅವರ ಅಪ್ಪ ಹಾಕಿಸಿದ ಆಣೆ.

"ಸಾಕು ಬುಡ್ರೇ ಕಂಬ್ಳಿ," ಎಂದರು ಅತ್ತೆ.

ಬರಿಗಾಲನ್ನು ಆ ಮಣ್ಣಿನ ಮೇಲೆ ಇಟ್ಟರು. ಗಟ್ಟಿಯಾಗಿ. ಇನ್ನೊಂದು ಕಾಲನ್ನೂ ಇಟ್ಟರು.

"ಹಾಕಿಸಿದೋರು ಮ್ಯಾಲೆ ಸಿಕ್ಕಿ ಕೇಳಿದ್ರೆ, ನಾನೇ ಉತ್ತರ ಹೇಳ್ಕಂತೀನಿ. ನಡಿಯೇ ಅಕ್ಕ, ನೀರು ಕೊಡು. ಬೆಳಗ್ನಿಂದ ಕುಡ್ದಿಲ್ಲ."

ನಮ್ಮವರು ಗಾಡಿಯ ಹತ್ತಿರ ಹೋಗಿ, ಧೂಳೇ ಇಲ್ಲದ ಲ್ಯಾಂಪನ್ನು ಬಹಳ ಹೊತ್ತು ಒರೆಸಿದರು.

ಆಮೇಲೆ ಏನಾಯಿತು ಎಂದು ಕೇಳುತ್ತೀರಾ? ಊಟವಾಯಿತು. ಮೊದಲ ಪಂಕ್ತಿ ಯಾರದು, ಎರಡನೆಯದು ಯಾರದು, ಒಬ್ಬರೂ ವಿಚಾರಿಸಲಿಲ್ಲ. ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಉಂಡರು. ಆಮೇಲೆ ಹಿತ್ತಿಲಿನ ಬೇವಿನ ಮರದ ಕೆಳಗೆ ಕೂತು, ಯಾವ ಕಾಲದವರೋ ಒಬ್ಬ ಮೇಷ್ಟ್ರ ನಡಿಗೆಯನ್ನು ನೆನೆದು ಪಕ್ಕೆ ಹಿಡಿದು ನಕ್ಕರು. ಅತ್ತೆಗೆ ಹಾಗೆ ನಗಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಿಸಿಲು ಇಳಿಯುವ ಮೊದಲು ಹೊರಡಬೇಕು ಎಂದು ನಾವೇ ಎಬ್ಬಿಸಬೇಕಾಯಿತು. ಚೆನ್ನಮ್ಮ ಅಳಲಿಲ್ಲ. "ಸುಗ್ಗಿ ಕಳೆದ್ಮೇಲೆ ನಾನೂ ಇದೇ ತೊಟ್ಲಲ್ಲಿ ಬತ್ತೀನಿ ಕಣಪ್ಪ" ಎಂದು ನಮ್ಮವರ ಗಲ್ಲ ಹಿಡಿದರು.

ವಾಪಸ್ ಬರುವಾಗ ಗಡಿಕಲ್ಲಿನ ಹತ್ತಿರ ನಾನು ಸೈಡ್‌ಕಾರಿನ ಕಡೆಗೆ ಬಗ್ಗಿ ನೋಡಿದೆ. ಅತ್ತೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು. ಎರಡು ಸರ್ಕಾರಗಳು ಅವರ ಪಕ್ಕದಲ್ಲೇ ಹಾದುಹೋದವು. ಅವರು ಲೆಕ್ಕಕ್ಕಿಡಲಿಲ್ಲ.

ಈಗ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ: ಗಾಡಿ ಎಷ್ಟು ಸ್ಪೀಡು, ಪೆಟ್ರೋಲ್ ಎಷ್ಟು ಕುಡಿಯಿತು, ಇಂಗ್ಲಿಷರ ರಸ್ತೆ ನಮ್ಮದಕ್ಕಿಂತ ನುಣುಪೋ ಹೇಗೆ? ಅದನ್ನೆಲ್ಲ ನಮ್ಮವರನ್ನು ಕೇಳಿ. ನಿಮ್ಮನ್ನು ನಾನು ಕೇಳಬೇಕಾದದ್ದು ಒಂದೇ ಇದೆ.

ನಿಮ್ಮ ಮನೆಯ ಹೆಂಗಸರು ಯಾವ ಊರಿಗೆ ಹೋಗುವುದಿಲ್ಲ, ಯಾಕೆ ಹೋಗುವುದಿಲ್ಲ ಎಂದು ಒಂದು ದಿನವಾದರೂ ವಿಚಾರಿಸಿದ್ದೀರಾ?