ಹೆಗಲೇರದ ಕಬಡ್ಡಿ ಸರ್

ಚಂದಾಪುರದ ಹತ್ತಿರವಿದ್ದ ನಮ್ಮ ವಿಶ್ವವಿದ್ಯಾಲಯದ ಕಬಡ್ಡಿ ತಂಡಕ್ಕೆ ಅವರು ಕೋಚ್. ಅಂಕಣದ ಗೆರೆಯಾಚೆ ನಿಂತು, "ಎದುರಾಳಿ ಕಣ್ ನೋಡ್ರೋ, ಕಣ್ಣು ಸುಳ್ ಹೇಳಲ್ಲ!" ಎಂದು ದಿನವೂ ಕೂಗುತ್ತಿದ್ದರು. ಗೆದ್ದಾಗ ಕೋಚ್‌ರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತುವುದು ನಮ್ಮಲ್ಲಿನ ಸಂಪ್ರದಾಯ. ಅವರು ಮಾತ್ರ ಪ್ರತಿ ಸಲವೂ "ಬೇಡ್ರಪ್ಪಾ" ಎಂದು ತಪ್ಪಿಸಿಕೊಳ್ಳುತ್ತಿದ್ದರು.

ಫೈನಲ್ ಗೆದ್ದ ದಿನ ನಾವು ಬಿಡಲಿಲ್ಲ. ನಾಲ್ವರು ಸೇರಿ ಎತ್ತಿದೆವು. ಎಳೆದಾಟದಲ್ಲಿ ಅವರ ಎಡಗಾಲು ಮೊಣಕಾಲಿನ ಕೆಳಗೆ ಕಳಚಿ, ಬೂಟಿನ ಸಮೇತ ನನ್ನ ಕೈಗೆ ಬಂತು. ತಮಟೆ ನಿಂತಿತು. ಮೂರು ವರ್ಷ ಜೊತೆಗಿದ್ದೂ ಅದು ಕೃತಕ ಕಾಲೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೆಗಲ ಮೇಲಿಂದ ಅವರು ಬಗ್ಗಿ ನೋಡಿದರು. "ಯಾಕ್ರೋ ನಿಂತ್ಬಿಟ್ರಿ? ಅದನ್ನೂ ಎತ್ಕೊಂಡು ನಡೀರಿ. ಅದೂ ನಮ್ ಟೀಮೇ ಕಣ್ರೋ."

ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ನಾನು ಇಡೀ ಮೈದಾನ ಸುತ್ತಿದೆ.