ಕಣ್ಣಿಗೆ ಬಿಟ್ಟ ಬೆಳಕು

ಚಾರ್ಜ್ ಮಾಡುವ ಟಾರ್ಚ್ ಆಗಷ್ಟೇ ಬಂದಿದ್ದ ಕಾಲ. ಅಕ್ಕಲಕೋಟೆಯ ಮನೆಯಲ್ಲಿ ಕರೆಂಟು ಹೋದರೆ ಇರಲೆಂದು ಒಂದನ್ನು ಕೊಳ್ಳಲು ಸೊಲ್ಲಾಪುರದ ನವಿ ಪೇಠ ಮಾರುಕಟ್ಟೆಗೆ ಹೋಗಿದ್ದೆ. ಅಂಗಡಿಯವನು ಡಬ್ಬಿಯಿಂದ ತೆಗೆದವನೇ ಬೆಳಕನ್ನು ನೇರವಾಗಿ ನನ್ನ ಕಣ್ಣಿಗೆ ಬಿಟ್ಟ.

“ಹೆಂಗೈತ್ರಿ ಸಾಹೇಬ್ರ? ಕಣ್ಣ ಕುಕ್ಕತೈತಿಲ್ಲೋ?”

ಹಿಂದಿನ ತಿಂಗಳು ದವಾಖಾನೆಯಲ್ಲಿ ಡಾಕ್ಟರು ನನ್ನ ಹೆಂಡತಿಯ ರೆಪ್ಪೆ ಎತ್ತಿ ಹೀಗೆಯೇ ಬೆಳಕು ಬಿಟ್ಟಿದ್ದರು. ಆಕೆಯ ಕಣ್ಣು ಅಲುಗಲಿಲ್ಲ. ಟಾರ್ಚ್ ಆರಿಸಿ, ಮುಗಿಯಿತು ಎಂದಿದ್ದರು.

“ತಗೀರಿ ಅದನ್ನ!” ಎಂದು ಕೂಗಿದೆ. “ಗೋಡಿಗಿ ಬಿಟ್ಟು ತೋರಸ್ರಿ. ಮಾರಿಗಿ ಯಾಕ?”

“ಗೋಡಿ ಏನ್ ಮಾತಾಡತದೇನ್ರಿ? ಗಿರಾಕಿ ಕಣ್ಣ ಮುಚ್ಚಿದ್ರನ ಮಾಲು ಖರೇ!” ಎಂದು ನಕ್ಕು ಮತ್ತೊಮ್ಮೆ ಬಿಟ್ಟ.

ಅವನ ಕೈಯಿಂದ ಅದನ್ನು ಕಿತ್ತು ಕೌಂಟರ್ ಮೇಲೆ ಕುಕ್ಕಿ ಹೊರಗೆ ಬಂದೆ. ಶಾಲೆಯಲ್ಲಿ ಮಕ್ಕಳ ಮೇಲೂ ನಾನು ಎಂದೂ ಹಾಗೆ ಕೂಗಿದವನಲ್ಲ. ಸಿಟ್ಟು ಇಳಿದಿರಲಿಲ್ಲ, ಆದರೆ ಟಾರ್ಚ್ ಬೇಕೇ ಇತ್ತು. ಪಕ್ಕದ ಅಂಗಡಿಗೆ ಹೋದೆ. ಅಲ್ಲಿಯವನೂ ಡಬ್ಬಿ ಬಿಚ್ಚಿ ನನ್ನ ಮುಖದ ಕಡೆಗೇ ತಿರುಗಿಸತೊಡಗಿದ. ಅವನು ಗುಂಡಿ ಒತ್ತುವ ಮೊದಲೇ ನಾನು ಕಣ್ಣು ಬಿಗಿಯಾಗಿ ಮುಚ್ಚಿ, “ಭಾಳ ಚಲೋ ಐತ್ರಿ, ಕಟ್ಟಿ ಕೊಡ್ರಿ” ಎಂದೆ.