ಕಂಚಣ್ಣನಿಗಾಗಿ ಅತ್ತ ಹಾಡು

ದೆವ್ವ ಕಂಡವರು ಒಂದೋ ಜ್ವರದಲ್ಲಿರುತ್ತಾರೆ, ಇಲ್ಲವೇ ಕುಡಿದಿರುತ್ತಾರೆ ಎಂದು ನಾನು ಎಷ್ಟೋ ಜನರ ಎದುರು ಹೇಳಿ ನಕ್ಕಿದ್ದೇನೆ. ರಾಯಚೂರಿನಲ್ಲಿ ಪೈಪು, ಮೋಟಾರು ಮಾರುವ ನನಗೆ ಕಣ್ಣಿಗೆ ಕಾಣದ ವಸ್ತುಗಳಲ್ಲಿ ಕರೆಂಟೊಂದರದೇ ಭಯವಿತ್ತು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಕಾಲೇಜು ಮುಗಿದ ಹೊಸದರಲ್ಲಿ ದೇವದುರ್ಗದ ಗೆಳೆಯ ಬಸು ಮತ್ತು ನಾನು ಸೇರಿ ಒಂದು ಬ್ಯಾಂಡು ಕಟ್ಟಿದ್ದೆವು. ಅವನದು ಬೇಸ್ ಗಿಟಾರು ಮತ್ತು ಹಾಡು, ನನ್ನದು ಡ್ರಮ್ಸು. ನಮಗೆ ಪೋಸ್ಟ್-ಪಂಕ್ ಎಂಬ ವಿಲಾಯತಿ ಸಂಗೀತದ ಹುಚ್ಚು: ಒಣ ತಾಳ, ಗುಂಯ್‌ಗುಡುವ ಬೇಸು, ಹಾಡಿದ್ದಕ್ಕಿಂತ ಬೈದ ಹಾಗೆ ಕೇಳುವ ಮಾತು. ಮಾನ್ವಿಯಲ್ಲಿ ಬಸುವಿನ ಮಾವನ ಅಕ್ಕಿ ಮಿಲ್ಲಿನ ಖಾಲಿ ಗೋದಾಮಿನಲ್ಲಿ ಒಂದೇ ಹಾಡಿನ ಕ್ಯಾಸೆಟ್ ರೆಕಾರ್ಡ್ ಮಾಡಿದೆವು.

ಹಾಡಿನ ಕೊನೆಗೆ ನಿಜವಾದ ಅಳು ಬೇಕೆಂದು ಬಸು ಹಟ ಹಿಡಿದ. ನಮ್ಮ ಕಡೆ ಹೆಣದ ಮುಂದೆ ಕೂತು, ಸತ್ತವರ ಹೆಸರು ಹಿಡಿದು, ಗುಣ ಹೇಳಿ ಹಾಡಾಡಿ ಅಳುವ ಹೆಂಗಸರಿದ್ದಾರೆ. ಬಾಗಲವಾಡದ ಹನುಮವ್ವ ಅದರಲ್ಲಿ ಹೆಸರಾದಾಕೆ. ಅವಳು ಬಂದಳು, ಆದರೆ ಮೈಕಿನ ಮುಂದೆ ಸುಮ್ಮನೆ ಕೂತಳು.

“ಯಾರ ಹೆಸರ ಹಿಡದು ಅಳ್ಲಿ? ಹೆಸರಿಲ್ಲದ ಅಳು ಬರಂಗಿಲ್ಲಪ್ಪಾ.”

“ನನ್ನ ಹೆಸರ ಹಿಡಿ, ಯವ್ವಾ,” ಎಂದು ಬಸು ನಕ್ಕ.

“ಏ ಹುಚ್ಚಪ್ಯಾಲಿ, ಬದುಕಿದ್ದವರ ಹೆಸರ ಹಿಡದು ಅಳಬಾರದು.”

ಹಾಗಾದರೆ ಯಾರಿಗೂ ಇಲ್ಲದ ಹೆಸರು ಕೊಟ್ಟರಾಯಿತು ಎಂದುಕೊಂಡೆವು. ನನ್ನ ಡ್ರಮ್ಸಿನ ಕಂಚಿನ ತಟ್ಟೆ ನೋಡಿ ಬಸು “ಕಂಚಣ್ಣ” ಎಂದ. ಹನುಮವ್ವ ಕಣ್ಣು ಮುಚ್ಚಿ, ಉಣ್ಣದೆ ಎದ್ದು ಹೋದ ಕಂಚಣ್ಣನನ್ನು ಕರೆಕರೆದು ಅತ್ತಳು. ಇಲ್ಲದ ಮನುಷ್ಯನಿಗಾಗಿ ನಾನೂ ತಲೆ ತಗ್ಗಿಸಿ ಕೂತೆ.

ಕ್ಯಾಸೆಟ್ಟಿನಲ್ಲಿ ಬಸು ಹೆಸರನ್ನೆಲ್ಲ ಕತ್ತರಿಸಿ ಬರೀ ಬಿಕ್ಕು ಉಳಿಸಿದ. ರಾಯಚೂರಿನ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಆ ಕ್ಯಾಸೆಟ್ಟುಗಳು ಮಾರಾಟವಾಗದೆ ಧೂಳು ತಿಂದವು. ಬ್ಯಾಂಡೂ ಮುಗಿಯಿತು.

ಹೋದ ವರ್ಷ ಯಾರೋ ಆ ಹಾಡನ್ನು ಇಂಟರ್ನೆಟ್ಟಿಗೆ ಹಾಕಿದರು. ಹೈದರಾಬಾದಿನ ಸಣ್ಣ ಕಂಪನಿಯೊಂದು ಅದನ್ನು ಮರುಬಿಡುಗಡೆ ಮಾಡುತ್ತೇವೆ, ಬಸುವಿನ ಬಳಿಯಿದ್ದ ಮೂಲ ಟೇಪಿನ, ಹೆಸರಿರುವ ಪೂರ್ತಿ ಅಳುವನ್ನೂ ಸೇರಿಸುತ್ತೇವೆ ಎಂದಿತು. ನನಗೆ ಹಿಗ್ಗೋ ಹಿಗ್ಗು. ಹನುಮವ್ವನ ಒಪ್ಪಿಗೆ ಕೇಳಲು ಬಾಗಲವಾಡಕ್ಕೆ ಹೋದೆ. ಹಣ್ಣು ಮುದುಕಿಯಾಗಿದ್ದಳು.

“ಹಾಡು ಬಿಡ್ರಿ, ಬಿಡ್ರಿ. ಕೇಳಿದವರು ಅತ್ರ ಅಂವಗೂ ಹೋಗಾಕ ನಾಕು ಮನಿ ಆಗ್ತಾವ,” ಎಂದಳು.

“ಯಾರಿಗೆ, ಯವ್ವಾ?”

“ಕಂಚಣ್ಣಗ. ಅತ್ತಾಕಿ ನಾ ಒಬ್ಬಾಕಿ ಅಂತ ನನ್ನ ಮನಿಗೇ ಬರ್ತಾನ. ಮಟಮಟ ಮಧ್ಯಾಹ್ನ ಬಂದು ಕಟ್ಟಿ ಮ್ಯಾಲ ಕುಂದರ್ತಾನ. ನೀರು ಕೊಟ್ರ ಕುಡಿಯಂಗಿಲ್ಲ. ನಮ್ಮವರು ಯಾರು ಅಂತ ಕೇಳ್ತಾನ. ಹೆಸರಿಟ್ಟವರು ರಾಯಚೂರಾಗ ಅದಾರ ಅಂತ ಹೇಳೀನಿ.”

ಮುದುಕಿಗೆ ಅರಳು ಮರಳು ಎಂದುಕೊಂಡು ಬಸ್ಸು ಹತ್ತಿದೆ. ಸಂಜೆ ಮನೆಗೆ ಬಂದಾಗ ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು, ತಡವಾಗಿ ಹುಟ್ಟಿದ ನಮ್ಮ ಪುಟ್ಟ ಮಗಳು ಪಕ್ಕದಲ್ಲಿ ಆಡುತ್ತಿದ್ದಳು.

“ಮಧ್ಯಾಹ್ನ ಯಾರೋ ಬಂದಿದ್ರು ನೋಡ್ರಿ. ನೀರು ಕೊಟ್ಟೆ, ಕುಡೀಲಿಲ್ಲ. ಕಂಚಣ್ಣ ಅಂದ್ರು. ನಿಮ್ಮ ಪೈಕಿ ಏನು? ನಮ್ಮ ಹುಡುಗೀನ ಭಾಳ ಹೊತ್ತು ನೋಡಾಕತ್ತಿದ್ರು. ನಾಳಿಗೆ ಬರ್ರಿ, ಮನ್ಯಾಗ ಇರ್ತಾರ ಅಂತ ಹೇಳೀನಿ.”

ಆ ಹೆಸರನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಬಸುವಿಗೆ ಫೋನ್ ಮಾಡಿದರೆ, ಯಾರೋ ಚೇಷ್ಟೆ ಮಾಡಿದ್ದಾರೆ ಎಂದ. ಯಾರು ಎಂದು ಕೇಳಿದೆ. ಅವನು ಫೋನ್ ಇಟ್ಟುಬಿಟ್ಟ. ಹಾಡು ನಿಲ್ಲಿಸಿ ಎಂದು ಕಂಪನಿಗೆ ಕೈಮುಗಿದು ಬೇಡಿದೆ. ಹಾಡಿನ ರೆಕಾರ್ಡುಗಳು ಅಚ್ಚಾಗಿ ಅಂಗಡಿಗೆ ಹೋಗಿವೆ ಎಂದರು. ಈಗ ಯಾರ್‍ಯಾರೋ ಫೋನಿನಲ್ಲಿ ಅದನ್ನು ಕೇಳುತ್ತಿದ್ದಾರೆ, ಹೊಗಳುತ್ತಿದ್ದಾರೆ.

ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದುಬಿಡುತ್ತೇನೆ. ಹೆಂಡತಿಯನ್ನೂ ಮಗಳನ್ನೂ ಬಿಟ್ಟು ಇರಲು ಅಂಜಿಕೆ. ಮರುದಿನ ಯಾರೂ ಬರಲಿಲ್ಲ; ಆಮೇಲೂ ಬರಲಿಲ್ಲ. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಬಾಗಿಲು ಬಡಿದ ಸದ್ದಾಯಿತು. ಮಗಳನ್ನು ತೊಡೆಗೆಳೆದುಕೊಂಡೆ. ನಾನು ಅವಳ ಬಾಯಿ ಮುಚ್ಚುವಷ್ಟರಲ್ಲಿ, “ಬರ್ರಿ, ಅಪ್ಪ ಒಳಗ ಅದಾನ,” ಎಂದು ಕೂಗಿಬಿಟ್ಟಳು.

ಬಡಿತ ನಿಂತಿತು. ಎದ್ದು ಬಾಗಿಲು ತೆರೆಯುವ ಧೈರ್ಯ ನನಗಾಗಲಿಲ್ಲ. ಹೊರಗೆ ಯಾರಿದ್ದರೋ, ಈ ಹೊತ್ತಿಗೂ ನನಗೆ ಗೊತ್ತಿಲ್ಲ.